ತಲೆಬಾಗಿಲಿಗೆ ಬಂದ ಲೋಹ

ಮನೆ ಕಟ್ಟುವವರನ್ನು ಹಿಂದೆ ‘ತಲೆಬಾಗಿಲಿಗೆ ಯಾವ ಮರ?’ ಎಂದು ಕೇಳುತ್ತಿದ್ದರು. ಈಗ ‘ಮರವೋ ಅಲ್ಯುಮಿನಿಯಮ್ಮೋ?’ ಎಂದು ಕೇಳುವ ಕಾಲ ಬಂದಿದೆ. ಮಾತಿನಲ್ಲಿ ಆದ ವ್ಯತ್ಯಾಸ ಚಿಕ್ಕದು. ಆದರೆ ಮೊದಲಿನ ಪ್ರಶ್ನೆಯಲ್ಲಿ ಮರವೆಂಬುದು ಎಲ್ಲರೂ ಒಪ್ಪಿಕೊಂಡ ಸಂಗತಿ. ಎರಡನೆಯದರಲ್ಲಿ ಆ ಮರವೇ ವಿಚಾರಣೆಗೆ ನಿಂತಿದೆ. ಅಂಗಡಿಯ ಗಾಜಿನ ಕದಕ್ಕೆ, ಕಚೇರಿಯ ಕಿಟಕಿಗೆ, ಬಚ್ಚಲಮನೆಯ ಬಾಗಿಲಿಗೆ ಅಲ್ಯುಮಿನಿಯಂ ಬಂದಾಗ ಯಾರೂ ಹುಬ್ಬೇರಿಸಲಿಲ್ಲ. ಅದು ಹಿತ್ತಲ ಬಾಗಿಲಿಗೆ ಬಂತು, ಸುಮ್ಮನಿದ್ದೆವು. ತಲೆಬಾಗಿಲಿಗೆ ಬಂದು ನಿಂತಾಗ ಮಾತ್ರ ಮನೆಮನೆಯಲ್ಲೂ ಚರ್ಚೆ ಎದ್ದಿದೆ.

ನಮ್ಮ ಮನೆಯಲ್ಲೂ ಈ ಚರ್ಚೆ ನಡೆಯಿತು. ನಮ್ಮದು ಪಶ್ಚಿಮಕ್ಕೆ ಮುಖವಾದ ಮನೆ. ಇಳಿಬಿಸಿಲೂ ಮುಂಗಾರಿನ ಇರಚಲೂ ನೇರವಾಗಿ ಬಾಗಿಲಿಗೇ ಬೀಳುತ್ತವೆ. ಕದದ ಕೆಳಭಾಗ ಪುಡಿಯಾಗಿತ್ತು. ಚೌಕಟ್ಟಿನ ಒಂದು ನಿಲುವನ್ನು ಗೆದ್ದಲು ಒಳಗಿನಿಂದ ತಿಂದು, ಬಣ್ಣದ ಸಿಪ್ಪೆಯನ್ನು ಮಾತ್ರ ನಮಗೆ ಬಿಟ್ಟಿತ್ತು. ಬಾಗಿಲನ್ನು ಬದಲಾಯಿಸಬೇಕೆಂಬುದರಲ್ಲಿ ಭಿನ್ನಾಭಿಪ್ರಾಯವಿರಲಿಲ್ಲ. ಯಾವುದರಿಂದ ಎಂಬಲ್ಲಿ ಮನೆ ಎರಡು ಪಕ್ಷವಾಯಿತು. ನನ್ನ ಹೆಂಡತಿಯದು ಲೋಹದ ಪಕ್ಷ, ನಮ್ಮ ತಾಯಿಯವರದು ಮರದ ಪಕ್ಷ. ‘ಅಲ್ಲಪ್ಪಾ, ದೇವರ ಪೂಜೆಗೆ ಮುಟ್ಟಿಸದ ಪಾತ್ರೆಯ ಲೋಹವನ್ನು ತಂದು ತಲೆಬಾಗಿಲಿಗೆ ನಿಲ್ಲಿಸುತ್ತೀಯಾ?’ ಎಂದು ತಾಯಿಯವರು ಕೇಳಿದರು. ನಾನು ಕನ್ನಡ ಪಾಠ ಹೇಳುವವನು. ಲೋಹದ ಗುಣದೋಷಗಳನ್ನು ನಿರ್ಣಯಿಸಬಲ್ಲವನಲ್ಲ. ಆದರೆ ಅವರ ಪ್ರಶ್ನೆ ಲೋಹಶಾಸ್ತ್ರದ್ದಲ್ಲ, ಮರ್ಯಾದೆಯದು. ಮರ್ಯಾದೆಗೆ ಇತಿಹಾಸವಿರುತ್ತದೆ. ಆ ಇತಿಹಾಸವನ್ನು ಹುಡುಕಿಕೊಂಡು ಹೋದಾಗ ಕಂಡದ್ದನ್ನು ವಾಚಕರ ಮುಂದೆ ಇಡುವುದೇ ಈ ಲೇಖನದ ಉದ್ದೇಶ.

ಬಾಗಿಲಿನಿಂದಲೇ ಪ್ರಾರಂಭಿಸೋಣ. ಈ ಶಬ್ದ ‘ಬಾಯಿ’ಗೆ ಸಂಬಂಧಪಟ್ಟದ್ದು. ತಮಿಳಿನಲ್ಲಿ ಅದು ‘ವಾಯಿಲ್’. ‘ಇಲ್’ ಎಂದರೆ ಮನೆ. ಮನೆಗೆ ಬಾಯಿ ಯಾವುದೋ ಅದು ಬಾಗಿಲು. ಬಾಗಿಲಿನ ಚೌಕಟ್ಟಿಗೆ ನಮ್ಮ ಹಳೆಯ ಭಾಷೆಯಲ್ಲಿ ‘ಬಾಗಿಲುವಾಡ’ ಎಂಬ ಅಂದವಾದ ಮಾತಿದೆ. ಗುಡಿಗಳನ್ನು ಕುರಿತು ಬರೆಯುವವರು ಅದನ್ನು ಇಂದಿಗೂ ಬಳಸುತ್ತಾರೆ. ಲಕ್ಕುಂಡಿಯ ಕಾಶೀವಿಶ್ವನಾಥನ ಗುಡಿಯನ್ನೋ, ೧೧೧೨ರಲ್ಲಿ ಕಟ್ಟಿದ ಇಟಗಿಯ ಮಹಾದೇವ ದೇವಾಲಯವನ್ನೋ ನೋಡಿದವರು ಕಲ್ಲಿನ ಬಾಗಿಲುವಾಡ ಎಷ್ಟು ಸೂಕ್ಷ್ಮವಾಗಬಲ್ಲದೆಂಬುದನ್ನು ಬಲ್ಲರು. ಪಟ್ಟಿಕೆಯ ಪಕ್ಕದಲ್ಲಿ ಪಟ್ಟಿಕೆ, ಬಳ್ಳಿಯ ಪಕ್ಕದಲ್ಲಿ ಬಳ್ಳಿ. ಮರದ ಕೆತ್ತನೆಯನ್ನೇ ಕಲ್ಲಿಗೆ ಇಳಿಸಿದಂತೆ ಕಾಣುತ್ತದೆ. ಆದರೆ ಇಂಥ ಹಳೆಯ ಗುಡಿಗಳಲ್ಲಿ ಕಲ್ಲಿನ ಚೌಕಟ್ಟು ಉಳಿದಿದೆಯೇ ಹೊರತು ಅಂದಿನ ಮರದ ಕದ ಉಳಿದಿಲ್ಲ. ಕದ ತಿರುಗುತ್ತಿದ್ದ ಕುಳಿ ಮಾತ್ರ ಎಷ್ಟೋ ಕಡೆ ಹೊಸ್ತಿಲ ಮೂಲೆಯಲ್ಲಿ ಕಾಣುತ್ತದೆ. ಬಾಗಿಲಿನಲ್ಲಿ ಯಾವುದು ಶಾಶ್ವತ, ಯಾವುದು ಆಗಾಗ ಬದಲಾಗತಕ್ಕದ್ದು ಎಂಬುದನ್ನು ಆ ಕುಳಿ ಹೇಳುವಂತಿದೆ.

ಮನೆಗಳಲ್ಲಿ ಚೌಕಟ್ಟೂ ಮರದ್ದೇ. ಮಲೆನಾಡಿನಲ್ಲಿ ಹಲಸು, ಹೊನ್ನೆ, ನಂದಿ. ಅನುಕೂಲವಿದ್ದವರಿಗೆ ಬೀಟೆ, ತೇಗ. ಬಯಲುಸೀಮೆಯಲ್ಲಿ ಬೇವು, ಮತ್ತಿ, ಹತ್ತಿರದಲ್ಲಿ ಏನು ಸಿಕ್ಕುವುದೋ ಅದು. ಮರ ಕಡಿದ ಮೇಲೆ ಅದು ಒಣಗಿ ಹದಕ್ಕೆ ಬರುವವರೆಗೆ ಕಾಯಬೇಕು. ಕಾಯದ ಮನೆಯ ಬಾಗಿಲು ಮೊದಲ ಮಳೆಗೇ ಬಿಗಿದುಕೊಂಡು ಬೇಸಗೆಯಲ್ಲಿ ಬಿರುಕು ಬಿಡುತ್ತದೆ. ಆಚಾರಿ ಬಂದು, ಒಳ್ಳೆಯ ದಿನ ನೋಡಿ, ಹೊಸ್ತಿಲು ಕೂರಿಸಿದರೆ ಅಂದಿನಿಂದ ಆ ಜಾಗ ದೇವರದು. ಅದಕ್ಕೆ ಅರಿಶಿನ ಕುಂಕುಮ, ಮುಂದೆ ರಂಗೋಲಿ, ಮೇಲೆ ಮಾವಿನ ತೋರಣ. ಹೊಸ್ತಿಲನ್ನು ತುಳಿಯಬಾರದು, ಅದರ ಮೇಲೆ ನಿಂತು ಮಾತನಾಡಬಾರದು, ಕುಳಿತುಕೊಳ್ಳಬಾರದು. ಅಗುಳಿ, ಚಿಲಕ, ತಿರುಗಣಿ ಎಂಬ ಮಾತುಗಳೆಲ್ಲ ಆ ಮರದ ಬಾಗಿಲಿಗೆ ಅಂಟಿಕೊಂಡು ಬೆಳೆದವು. ಇಂಥ ಬಾಗಿಲಿನ ಸ್ಥಾನಕ್ಕೆ ಬರುವ ವಸ್ತು ತನ್ನ ಕುಲಗೋತ್ರವನ್ನು ಹೇಳಿಕೊಳ್ಳಬೇಕೆಂದು ನಮ್ಮ ತಾಯಿಯವರು ಅಪೇಕ್ಷಿಸಿದ್ದರಲ್ಲಿ ಆಶ್ಚರ್ಯವಿಲ್ಲ.

ಹಾಗಾದರೆ ಅಲ್ಯುಮಿನಿಯಮ್ಮಿನ ಕುಲಗೋತ್ರವೇನು? ಅದು ಮಣ್ಣಿನ ಮಗು. ನಾವು ತುಳಿಯುವ ಜೇಡಿಮಣ್ಣಿನಲ್ಲೆಲ್ಲ ಅದು ಇದೆ. ಭೂಮಿಯ ಹೊರಪದರದಲ್ಲಿ ಕಬ್ಬಿಣಕ್ಕಿಂತಲೂ ಹೆಚ್ಚಾಗಿ ಇರುವ ಲೋಹ ಅದು. ಆದರೂ ಆಮ್ಲಜನಕವನ್ನು ಬಲವಾಗಿ ತಬ್ಬಿಕೊಂಡಿರುವುದರಿಂದ ಸಾವಿರಾರು ವರ್ಷ ಮನುಷ್ಯನ ಕಣ್ಣಿಗೆ ಬೀಳಲಿಲ್ಲ. ತಾಮ್ರವನ್ನೂ ಕಬ್ಬಿಣವನ್ನೂ ಇದ್ದಲಿನ ಬೆಂಕಿಯಿಂದ ಬಿಡಿಸಿಕೊಳ್ಳಬಹುದು; ಇದನ್ನು ಹಾಗೆ ಬಿಡಿಸಲಾಗದು. ಇಂಗ್ಲೆಂಡಿನ ಹಂಫ್ರಿ ಡೇವಿ ಎಂಬ ವಿಜ್ಞಾನಿ ಲೋಹವನ್ನು ಕಾಣುವ ಮೊದಲೇ, ೧೮೦೮ರ ಸುಮಾರಿಗೆ, ಅದಕ್ಕೆ ಹೆಸರಿಟ್ಟ. ಡೆನ್ಮಾರ್ಕಿನ ಅರ್‌ಸ್ಟೆಡ್ ೧೮೨೫ರಲ್ಲಿ ಅದರ ಒಂದು ಅಶುದ್ಧ ತುಣುಕನ್ನು ತೆಗೆದ. ಜರ್ಮನಿಯ ವೋಲರ್ ೧೮೨೭ರಲ್ಲಿ ಅದನ್ನು ಪುಡಿಯಾಗಿ ಕಂಡ. ಆ ಪುಡಿಯಿಂದ ಸಾಸಿವೆಯಂಥ ಗುಂಡುಗಳಿಗೆ ಬರಲು ಅವನಿಗೆ ಇನ್ನೂ ೧೮ ವರ್ಷ ಹಿಡಿಯಿತು.

ಮುಂದೆ ೧೮೫೪ರಲ್ಲಿ ಫ್ರಾನ್ಸಿನ ಸೇಂಟ್ ಕ್ಲೇರ್ ಡೆವಿಲ್ ಎಂಬಾತ ಸೋಡಿಯಂ ಬಳಸಿ ಅದನ್ನು ಗಟ್ಟಿಗಳಾಗಿ ತೆಗೆಯುವ ದಾರಿ ತೋರಿಸಿದ. ೧೮೫೫ರ ಪ್ಯಾರಿಸ್ ಪ್ರದರ್ಶನದಲ್ಲಿ ಅದನ್ನು ‘ಜೇಡಿಮಣ್ಣಿನ ಬೆಳ್ಳಿ’ ಎಂದು ಜನ ಬೆರಗಾಗಿ ನೋಡಿದರು. ಮೂರನೆಯ ನೆಪೋಲಿಯನ್ ಚಕ್ರವರ್ತಿ ಈ ಪ್ರಯೋಗಗಳಿಗೆ ಹಣ ಕೊಟ್ಟ. ತನ್ನ ಸೈನಿಕರಿಗೆ ಹಗುರವಾದ ಕವಚ ಮಾಡಿಸಬೇಕೆಂಬುದು ಅವನ ಆಸೆ. ಕವಚವಾಗಲಿಲ್ಲ, ಹುಟ್ಟಿದ ರಾಜಕುಮಾರನಿಗೆ ಒಂದು ಗಿಲಿಕೆಯಾಯಿತು. ಅವನ ಔತಣಗಳಲ್ಲಿ ಬಹುಮಾನ್ಯ ಅತಿಥಿಗಳಿಗೆ ಅಲ್ಯುಮಿನಿಯಂ ಚಮಚಗಳು, ಉಳಿದವರಿಗೆ ಬೆಳ್ಳಿಬಂಗಾರದ್ದು ಎಂಬ ಕಥೆ ಬಹಳ ಪ್ರಸಿದ್ಧವಾಗಿದೆ. ಅದು ಕಥೆಯೇ ಇರಬಹುದು; ಆದರೆ ಅಂಥ ಕಥೆ ಹುಟ್ಟುವಷ್ಟು ಘನತೆ ಆ ಲೋಹಕ್ಕೆ ಆಗ ಇತ್ತು.

ಇನ್ನೊಂದು ಪ್ರಸಂಗ ಕಥೆಯಲ್ಲ. ೧೮೮೪ರ ಡಿಸೆಂಬರ್ ೬ರಂದು ಅಮೆರಿಕದ ರಾಜಧಾನಿಯಲ್ಲಿ ವಾಷಿಂಗ್ಟನ್ ಸ್ಮಾರಕಸ್ತಂಭದ ನೆತ್ತಿಗೆ ನೂರು ಔನ್ಸು ತೂಕದ ಒಂದು ಅಲ್ಯುಮಿನಿಯಂ ಕಲಶವನ್ನು ಇಟ್ಟರು. ಆಗ ಅದರ ಬೆಲೆ ಹೆಚ್ಚುಕಡಿಮೆ ಬೆಳ್ಳಿಯ ಬೆಲೆ. ಮೇಲೇರಿಸುವ ಮೊದಲು ಅದನ್ನು ನ್ಯೂಯಾರ್ಕಿನ ಟಿಫಾನಿ ಎಂಬ ಒಡವೆ ಅಂಗಡಿಯಲ್ಲಿ ಪ್ರದರ್ಶನಕ್ಕಿಟ್ಟಿದ್ದರು. ಮುಂದೆ ‘ನಾನು ಆ ಸ್ತಂಭದ ತುದಿಯನ್ನೇ ದಾಟಿದವನು’ ಎಂದು ಹೇಳಿಕೊಳ್ಳುವುದಕ್ಕಾಗಿ ಜನ ಅದನ್ನು ದಾಟಿ ಹೋಗುತ್ತಿದ್ದರಂತೆ! ಇಂದು ನಾವು ತಲೆಬಾಗಿಲಿಗೆ ಬೇಡವೆನ್ನುವ ಲೋಹ, ನೂರನಲವತ್ತು ವರ್ಷಗಳ ಕೆಳಗೆ ಒಂದು ರಾಷ್ಟ್ರದ ಸ್ಮಾರಕಕ್ಕೆ ಶಿರೋಭೂಷಣವಾಗಿತ್ತು.

ಆ ಕಲಶ ಮೇಲೇರಿದ ದಿನ ಓಹಾಯೋ ಪ್ರಾಂತದ ಓಬರ್ಲಿನ್ ಎಂಬ ಊರಿನ ಚಾರ್ಲ್ಸ್ ಮಾರ್ಟಿನ್ ಹಾಲ್ ಎಂಬ ಕಾಲೇಜು ವಿದ್ಯಾರ್ಥಿಗೆ ೨೧ ವರ್ಷ ತುಂಬಿತು. ಆ ಲೋಹದ ದೊರೆತನವನ್ನು ಮುಗಿಸಿದವರಲ್ಲಿ ಅವನೊಬ್ಬ. ೧೮೮೬ರ ಫೆಬ್ರವರಿ ೨೩ರಂದು, ತನ್ನ ಮನೆಯ ಸೌದೆಕೊಟ್ಟಿಗೆಯಲ್ಲಿ, ಕ್ರಯೊಲೈಟ್ ಎಂಬ ಖನಿಜವನ್ನು ಕರಗಿಸಿ, ಅದರಲ್ಲಿ ಅಲ್ಯುಮಿನಾವನ್ನು ಬೆರೆಸಿ, ವಿದ್ಯುತ್ತನ್ನು ಹರಿಸಿ ಲೋಹದ ಗುಂಡುಗಳನ್ನು ಅವನು ಪಡೆದ. ಅವನ ಅಕ್ಕ ಜೂಲಿಯಾ ಈ ಪ್ರಯೋಗಗಳಿಗೆ ಸಾಕ್ಷಿ. ಅದೇ ವರ್ಷ, ಇವನ ಸುದ್ದಿಯೇ ಇಲ್ಲದೆ, ಫ್ರಾನ್ಸಿನಲ್ಲಿ ಪಾಲ್ ಎರೂ ಎಂಬ ತರುಣ ಅದೇ ದಾರಿಯನ್ನು ಕಂಡುಹಿಡಿದ. ಇಬ್ಬರೂ ಹುಟ್ಟಿದ್ದು ೧೮೬೩ರಲ್ಲಿ, ಇಬ್ಬರೂ ತೀರಿಕೊಂಡದ್ದು ೧೯೧೪ರಲ್ಲಿ. ವಿಧಿಯ ಇಂಥ ಜೋಡಣೆಯನ್ನು ಕಾದಂಬರಿಕಾರನೊಬ್ಬ ಬರೆದಿದ್ದರೆ ನಾವು ನಂಬುತ್ತಿರಲಿಲ್ಲ. ಇವರ ಬೆನ್ನಿಗೇ ಬಾಯರ್ ಎಂಬಾತ ಅದಿರಿನಿಂದ ಶುದ್ಧ ಅಲ್ಯುಮಿನಾ ತೆಗೆಯುವ ವಿಧಾನವನ್ನು ರೂಪಿಸಿದ. ಬೆಳ್ಳಿಗೆ ಸಮನಾಗಿದ್ದ ಲೋಹ ಹತ್ತೇ ವರ್ಷಗಳಲ್ಲಿ ಪೌಂಡಿಗೆ ಒಂದು ಡಾಲರಿಗೂ ಕೆಳಗಿಳಿಯಿತು. ಮರದ ಬಾಗಿಲಿಗೆ ಪ್ರತಿಸ್ಪರ್ಧಿಯಾಗಲಿದ್ದ ಲೋಹ ಸೌದೆಕೊಟ್ಟಿಗೆಯಲ್ಲಿ ಹುಟ್ಟಿತೆಂಬುದನ್ನು ಓದಿದಾಗ ನನಗೆ ನಗು ಬಂತು.

ಬೆಲೆ ಇಳಿದೊಡನೆ ಅದು ಅರಮನೆಯಿಂದ ಅಡುಗೆಮನೆಗೆ ಬಂತು. ನಮ್ಮ ದೇಶದಲ್ಲಿ ಈ ಕಥೆ ಮದರಾಸಿನಲ್ಲಿ ಮೊದಲಾಗುತ್ತದೆ. ಆಲ್ಫ್ರೆಡ್ ಚಾಟರ್ಟನ್ ಎಂಬ ಎಂಜಿನಿಯರು ೧೮೯೮ರಲ್ಲಿ ಅಲ್ಲಿನ ಕಲಾಶಾಲೆಯಲ್ಲಿ ಆಮದಾದ ಅಲ್ಯುಮಿನಿಯಂ ತಗಡಿನಿಂದ ಪಾತ್ರೆ ಮಾಡಿಸಲು ತೊಡಗಿದ. ಆ ಉದ್ಯಮ ಕೆಲವೇ ವರ್ಷಗಳಲ್ಲಿ ತನ್ನ ಕಾಲ ಮೇಲೆ ನಿಂತು ಕಂಪನಿಯೊಂದರ ಕೈಸೇರಿತು. ಇದೇ ಚಾಟರ್ಟನ್ ಮುಂದೆ ಮೈಸೂರು ಸಂಸ್ಥಾನಕ್ಕೆ ಬಂದು, ವಿಶ್ವೇಶ್ವರಯ್ಯನವರ ಕಾಲದಲ್ಲಿ ಕೈಗಾರಿಕಾ ಇಲಾಖೆಯ ನಿರ್ದೇಶಕನಾಗಿ ಕೆಲಸ ಮಾಡಿದ. ಹಿತ್ತಾಳೆಯ ಪಾತ್ರೆಗೆ ವರ್ಷಕ್ಕೊಮ್ಮೆಯಾದರೂ ಕಲಾಯಿ ಬೇಕು, ಅಲ್ಯುಮಿನಿಯಮ್ಮಿಗೆ ಬೇಡ. ತೂಕದಲ್ಲಿ ಹಗುರ, ಬೆಲೆಯಲ್ಲಿ ಅಗ್ಗ. ಕೂಲಿ ಮಾಡುವವರ ಮನೆಯ ಅನ್ನದ ಪಾತ್ರೆ, ಹೋಟೆಲಿನ ಹಂಡೆ, ಆಸ್ಪತ್ರೆಯ ತಟ್ಟೆ ಎಲ್ಲವೂ ಅದರಿಂದಾದವು. ಹುಳಿ ಹಾಕಿದ ಸಾರು ಅದರಲ್ಲಿ ಒಗ್ಗುವುದಿಲ್ಲವೆಂಬ ದೂರೂ ಹುಟ್ಟಿತು; ಹುಳಿಗೆ ಆ ಲೋಹ ಕರಗುವುದರಿಂದ ದೂರಿನಲ್ಲಿ ಹುರುಳಿತ್ತು.

ಹೀಗೆ ಲೋಹಗಳಲ್ಲೂ ಒಂದು ಜಾತಿಪದ್ಧತಿ ಏರ್ಪಟ್ಟಿತು. ಬಂಗಾರ ಬೆಳ್ಳಿ ಮೇಲೆ, ತಾಮ್ರ ಹಿತ್ತಾಳೆ ದೇವರ ಮನೆಯಲ್ಲಿ, ಕಬ್ಬಿಣ ಹೊರಗೆ, ಅಲ್ಯುಮಿನಿಯಂ ಅದಕ್ಕೂ ಆಚೆ. ಶಾಸ್ತ್ರದಲ್ಲಿ ಅದಕ್ಕೆ ನಿಷೇಧವಿಲ್ಲ. ಶಾಸ್ತ್ರ ಹುಟ್ಟಿದಾಗ ಆ ಲೋಹವೇ ಇರಲಿಲ್ಲ. ನಾವು ಅದನ್ನು ಕೀಳೆಂದದ್ದು ಬಡವರ ಮನೆಯಲ್ಲಿ ಕಂಡದ್ದರಿಂದ. ಚಕ್ರವರ್ತಿಯ ಅಂಗೈಯಲ್ಲಿದ್ದಾಗ ಇದೇ ಬಣ್ಣ, ಇದೇ ತೂಕ, ಇದೇ ಗುಣ. ಬದಲಾದದ್ದು ಬೆಲೆಯೊಂದೇ. ಮರ್ಯಾದೆ ವಸ್ತುವಿನ ಗುಣವಲ್ಲ, ಬೆಲೆಯ ನೆರಳು ಎಂಬ ಮಾತಿಗೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆಯನ್ನು ನಾನು ಇತಿಹಾಸದಲ್ಲಿ ಕಂಡಿಲ್ಲ.

ಪಾತ್ರೆಯಾಗಿದ್ದ ಲೋಹ ಬಾಗಿಲಾದದ್ದು ಯುದ್ಧದ ಮೂಲಕ. ಶುದ್ಧ ಅಲ್ಯುಮಿನಿಯಂ ಮೆತು; ಅದರಿಂದ ಬಾಗಿಲು ಮಾಡಿದರೆ ಕೈಯಿಂದಲೇ ಬಗ್ಗಿಸಬಹುದು. ಜರ್ಮನಿಯ ಆಲ್ಫ್ರೆಡ್ ವಿಲ್ಮ್ ಎಂಬಾತ ೧೯೦೬ರ ಸುಮಾರಿಗೆ ಅದಕ್ಕೆ ಸ್ವಲ್ಪ ತಾಮ್ರ, ಮೆಗ್ನೀಸಿಯಂ ಬೆರೆಸಿ, ಕಾಯಿಸಿ ತಣಿಸಿ ಕೆಲವು ದಿನ ಬಿಟ್ಟರೆ ಅದು ತಾನೇ ಗಟ್ಟಿಯಾಗುವುದೆಂದು ಕಂಡ. ವಿಮಾನಕ್ಕೆ ಬೇಕಾಗಿದ್ದ ಲೋಹ ಸಿಕ್ಕಿತು. ೧೯೨೩ರಲ್ಲಿ ಇಂಗ್ಲೆಂಡಿನಲ್ಲಿ, ಸಮುದ್ರದ ಮೇಲೆ ಇಳಿಯುವ ವಿಮಾನಗಳ ಭಾಗಗಳು ಉಪ್ಪುನೀರಿಗೆ ಸವೆಯದಂತೆ ವಿದ್ಯುತ್ತಿನಿಂದ ಅವುಗಳ ಮೇಲೆ ಗಟ್ಟಿಯಾದ ಪೊರೆ ಬೆಳೆಸುವ ಉಪಾಯ ಹೊರಟಿತು. ‘ಆನೊಡೈಜಿಂಗ್’ ಎಂದು ಇಂದು ಬಾಗಿಲ ಅಂಗಡಿಯವರು ಹೇಳುವುದು ಇದನ್ನೇ. ಕಾದ ಲೋಹವನ್ನು ಅಚ್ಚಿನ ರಂಧ್ರದ ಮೂಲಕ, ನಾವು ಚಕ್ಕುಲಿ ಒತ್ತುವ ಹಾಗೆ, ಒತ್ತಿ ಉದ್ದನೆಯ ಪಟ್ಟಿಗಳನ್ನು ತೆಗೆಯುವ ಯಂತ್ರವನ್ನು ೧೮೯೪ರಲ್ಲೇ ಅಲೆಕ್ಸಾಂಡರ್ ಡಿಕ್ ಹಿತ್ತಾಳೆಗಾಗಿ ಮಾಡಿದ್ದ. ಅದೂ ಅಲ್ಯುಮಿನಿಯಮ್ಮಿಗೆ ಒಲಿಯಿತು. ಗಟ್ಟಿತನ, ಪೊರೆ, ಚಕ್ಕುಲಿಯ ಒರಳು ಈ ಮೂರೂ ಸೇರಿದಾಗ ಬಾಗಿಲಿನ ಸಾಮಗ್ರಿ ಸಿದ್ಧವಾಯಿತು.

ಇನ್ನು ಬೇಕಾಗಿದ್ದದ್ದು ಅದನ್ನು ಮನೆಗೆ ಕರೆತರುವ ಕಾರಣ. ೧೯೪೦ರ ಜುಲೈ ತಿಂಗಳಲ್ಲಿ ಬ್ರಿಟನ್ನಿನ ಮಂತ್ರಿ ಲಾರ್ಡ್ ಬೀವರ್‌ಬ್ರೂಕ್ ಅಲ್ಲಿನ ಗೃಹಿಣಿಯರನ್ನು ಅವರ ಅಲ್ಯುಮಿನಿಯಂ ಪಾತ್ರೆಗಳನ್ನೆಲ್ಲ ಯುದ್ಧವಿಮಾನಗಳಿಗಾಗಿ ಕೊಡಬೇಕೆಂದು ಕೇಳಿದ; ಬೀದಿಬೀದಿಯಲ್ಲಿ ಪಾತ್ರೆಗಳ ರಾಶಿ ಬಿತ್ತು. ಯುದ್ಧ ಮುಗಿದ ಮೇಲೆ ವಿಮಾನದ ಕಾರ್ಖಾನೆಗಳು ಖಾಲಿ ಕುಳಿತವು. ಬಾಂಬಿಗೆ ಮನೆ ಕಳೆದುಕೊಂಡವರು ಬೀದಿಯಲ್ಲಿದ್ದರು. ೧೯೪೫ರಿಂದ ಮೂರು ವರ್ಷಗಳಲ್ಲಿ ಆ ಕಾರ್ಖಾನೆಗಳಿಂದಲೇ ಸುಮಾರು ೫೪,೦೦೦ ಅಲ್ಯುಮಿನಿಯಂ ಮನೆಗಳು ಹೊರಬಿದ್ದವು. ಒಂದೊಂದು ಮನೆ ನಾಲ್ಕು ತುಂಡಾಗಿ ಲಾರಿಯ ಮೇಲೆ ಬರುವುದು, ಜೋಡಿಸಿದರೆ ಸಂಸಾರ ಒಳಹೊಗುವುದು. ಪಾತ್ರೆ ವಿಮಾನವಾಯಿತು, ವಿಮಾನ ಮನೆಯಾಯಿತು. ನಮ್ಮ ಬೆಂಗಳೂರಿನಲ್ಲೂ ಇದರ ಒಂದು ಸಣ್ಣ ಪ್ರತಿಬಿಂಬ ಉಂಟು. ೧೯೪೦ರ ಡಿಸೆಂಬರಿನಲ್ಲಿ ಪ್ರಾರಂಭವಾದ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಾರ್ಖಾನೆ ಯುದ್ಧಾನಂತರ ರೈಲ್ವೆಗೆ ಲೋಹದ ಗಾಡಿಗಳನ್ನು ಕಟ್ಟಿಕೊಟ್ಟಿತು. ಆಕಾಶದ ಕೆಲಸ ಕಲಿತ ಕೈಗಳು ನೆಲದ ಕೆಲಸಕ್ಕೂ ಒದಗಿದವು.

ಭಾರತದಲ್ಲಿ ಲೋಹವನ್ನೇ ತೆಗೆಯುವ ಕೆಲಸ ೧೯೪೩ರಲ್ಲಿ ಕೇರಳದ ಆಲುವಾ ಬಳಿ ಮೊದಲಾಯಿತು. ೧೯೬೨ರಲ್ಲಿ ಉತ್ತರ ಪ್ರದೇಶದ ರೇಣುಕೂಟದ ಕಾರ್ಖಾನೆ ಬಂತು. ೧೯೬೧ರಲ್ಲೇ ಭಾರತದ ಮಾನಕ ಸಂಸ್ಥೆ ಅಲ್ಯುಮಿನಿಯಂ ಬಾಗಿಲು ಕಿಟಕಿಗಳಿಗೆಂದು ೧೯೪೮ನೆಯ ಸಂಖ್ಯೆಯ ಮಾನಕವನ್ನು ಪ್ರಕಟಿಸಿತೆಂದರೆ, ಆ ವೇಳೆಗೆ ಅವು ನಮ್ಮ ಕಟ್ಟಡಗಳಿಗೆ ಹೊಸ ಅತಿಥಿಗಳಾಗಿ ಉಳಿದಿರಲಿಲ್ಲವೆಂದಾಯಿತು. ೧೯೭೦ರ ಸುಮಾರಿಗೆ ನಮ್ಮ ಬೆಳಗಾವಿಯೂ ಈ ಪಟ್ಟಿಗೆ ಸೇರಿತು. ಅಲ್ಲಿನ ಸಹ್ಯಾದ್ರಿಯ ನೆತ್ತಿಗಳಲ್ಲಿ ಬಾಕ್ಸೈಟ್ ಇದೆ. ಇದು ನಮ್ಮ ಕರಾವಳಿಯ ಜಂಬಿಟ್ಟಿಗೆಯ ಸೋದರ. ಮಳೆ ಶತಮಾನಗಟ್ಟಲೆ ತೊಳೆದು ಉಳಿಸಿದ ಮಣ್ಣು. ಮಂಗಳೂರು ಕಡೆಯವರು ಜಂಬಿಟ್ಟಿಗೆಯ ಗೋಡೆಗೆ ಅಲ್ಯುಮಿನಿಯಂ ಬಾಗಿಲು ಕೂರಿಸಿದರೆ ಒಂದೇ ತಾಯಿಯ ಇಬ್ಬರು ಮಕ್ಕಳು ಭೇಟಿಯಾದಂತೆ. ಬೆಳಗಾವಿಯಲ್ಲಿ ಲೋಹ ತೆಗೆಯುವ ಕೆಲಸ ಮುಂದೆ ನಿಂತಿತು. ಅಲ್ಯುಮಿನಾ ತಯಾರಿ ಉಳಿದುಕೊಂಡಿತು.

ಈಗ ಮರದ ಕಡೆಯ ಕಥೆಗೆ ಬರೋಣ, ಏಕೆಂದರೆ ಲೋಹ ಮುಂದೆ ಬಂದದ್ದಕ್ಕೆ ಅದರ ಗುಣ ಮಾತ್ರ ಕಾರಣವಲ್ಲ. ಮರ ಹಿಂದೆ ಸರಿದದ್ದೂ ಕಾರಣ. ತೇಗ ನಮಗೆ ಎಂದೂ ಸುಲಭವಾಗಿ ಸಿಕ್ಕಿದ್ದಲ್ಲ. ಮಲಬಾರಿನ ತೇಗ ಬೊಂಬಾಯಿಯ ಹಡಗುಕಟ್ಟೆಗೆ ಹೋಯಿತು. ೧೮೧೭ರಲ್ಲಿ ಅಲ್ಲಿ ಆ ತೇಗದಿಂದ ಕಟ್ಟಿದ ‘ಟ್ರಿಂಕೋಮಲಿ’ ಎಂಬ ಯುದ್ಧನೌಕೆ ಇಂಗ್ಲೆಂಡಿನ ಹಾರ್ಟಲ್‌ಪೂಲ್ ಬಂದರಿನಲ್ಲಿ ಈಗಲೂ ತೇಲುತ್ತಿದೆ. ಟಿಪ್ಪುವಿನ ಪತನವಾದ ೧೭೯೯ರ ತರುವಾಯ ಕನ್ನಡ ಜಿಲ್ಲೆಯ ಕಾಡುಗಳೂ ಕಂಪನಿಯ ಕೈಗೆ ಬಂದವು. ಹಡಗು ಆದ ಮೇಲೆ ರೈಲುಹಳಿಯ ದಿಮ್ಮಿ, ಆಮೇಲೆ ಪ್ಲೈವುಡ್, ಕಾಗದ. ಮನೆಯ ಬಾಗಿಲು ಈ ಸರದಿಯಲ್ಲಿ ಬಹಳ ಹಿಂದೆ ನಿಂತದ್ದು. ೧೯೮೦ರಲ್ಲಿ ಅರಣ್ಯ ಸಂರಕ್ಷಣಾ ಕಾಯಿದೆ ಬಂತು. ೧೯೮೩ರ ಸೆಪ್ಟೆಂಬರಿನಲ್ಲಿ ಶಿರಸಿ ತಾಲ್ಲೂಕಿನ ಸಾಲ್ಕಣಿಯ ಜನ ಕಾಡಿಗೆ ಹೋಗಿ, ಕೊಡಲಿ ಬೀಳಬೇಕಾಗಿದ್ದ ಮರಗಳನ್ನು ತಬ್ಬಿ ನಿಂತರು. ‘ಅಪ್ಪಿಕೋ’ ಎಂಬ ಮಾತಿಗೆ ಅಂದಿನಿಂದ ಹೊಸ ಅರ್ಥ ಬಂತು. ೧೯೯೬ರ ಡಿಸೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವೂ ಮರ ಕಡಿಯುವುದಕ್ಕೆ ಬಿಗಿಯಾದ ಕಟ್ಟು ಹಾಕಿತು. ಮಧ್ಯಮ ವರ್ಗದವನು ಒಳ್ಳೆಯ ತೇಗದ ಬೆಲೆ ಕೇಳಿ ಡಿಪೋದಿಂದ ಸುಮ್ಮನೆ ಹಿಂದಿರುಗುವ ದಿನಗಳು ಹೀಗೆ ಬಂದವು.

ಹಾಗಾದರೆ ಅಲ್ಯುಮಿನಿಯಂ ಕೊಂಡವನು ಕಾಡನ್ನು ಉಳಿಸಿದವನೇ? ಅಂಗಡಿಯವರು ಹಾಗೆ ಹೇಳುತ್ತಾರೆ. ಮಾತು ಅಷ್ಟು ಸರಳವಲ್ಲ. ಒಂದು ಟನ್ನು ಲೋಹಕ್ಕೆ ಸುಮಾರು ನಾಲ್ಕು ಟನ್ನು ಅದಿರು ಬೇಕು. ಅದಿರು ಇರುವುದು ಗುಡ್ಡದ ನೆತ್ತಿಯಲ್ಲಿ, ಗುಡ್ಡದ ನೆತ್ತಿಯ ಮೇಲೆ ಕಾಡು. ಒಂದು ಕಿಲೋ ಲೋಹ ತೆಗೆಯಲು ೧೪ ಯೂನಿಟ್ಟಿನಷ್ಟು ವಿದ್ಯುತ್ತು ಬೇಕು. ೨೦ ಕಿಲೋ ಲೋಹ ಹಿಡಿಯುವ ಬಾಗಿಲೆಂದರೆ ೨೮೦ ಯೂನಿಟ್ಟು; ನಮ್ಮ ಮನೆಯಲ್ಲಿ ಎರಡು ತಿಂಗಳಿಗೂ ಮಿಕ್ಕಿ ದೀಪ, ಫ್ಯಾನು, ಮಿಕ್ಸಿಗಳಿಗೆ ಸಾಲುವಷ್ಟು. ವಿದ್ಯುತ್ತಿಗೂ ಮೂಲವೊಂದಿರುತ್ತದೆ. ಬೆಳಗಾವಿಯ ಕುಲುಮೆಗಳು ಉರಿಯುತ್ತಿದ್ದಾಗ ನಮ್ಮ ರಾಜ್ಯದ ವಿದ್ಯುತ್ತಿಗೆ ದೊಡ್ಡ ಆಸರೆ ಶರಾವತಿ. ೧೯೬೪ರ ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿದ ಕಾಡೆಷ್ಟು, ತೋಟಗಳೆಷ್ಟು, ಬಾಗಿಲುವಾಡ ಸಮೇತ ಮುಳುಗಿದ ಮನೆಗಳೆಷ್ಟು ಎಂಬುದನ್ನು ಸಾಗರ, ಹೊಸನಗರದ ಹಿರಿಯರನ್ನು ಕೇಳಬೇಕು. ಮರ ಕಡಿಯದ ಬಾಗಿಲಿನ ಹಿಂದೆಯೂ ಮರ ಮುಳುಗಿದ ಕಥೆ ಇರಬಹುದು.

ಆದರೆ ಲೋಹದ ಪರವಾಗಿ ಒಂದು ಸಾಕ್ಷ್ಯ ಬಲವಾಗಿದೆ. ಹಳೆಯ ಅಲ್ಯುಮಿನಿಯಮ್ಮನ್ನು ಕರಗಿಸಿ ಹೊಸದು ಮಾಡಲು ಮೊದಲಿನ ವಿದ್ಯುತ್ತಿನ ನೂರಕ್ಕೆ ಐದು ಪಾಲು ಸಾಕು. ಗುಜರಿಯವನು ಪಾತ್ರೆ, ಬಾಗಿಲು, ಕಿಟಕಿ ಯಾವುದನ್ನೂ ಬೇಡವೆನ್ನುವುದಿಲ್ಲ. ಒಮ್ಮೆ ಭೂಮಿಗೆ ಕೊಟ್ಟ ನೋವಿನಿಂದ ಅನೇಕ ತಲೆಮಾರುಗಳ ಬಾಗಿಲುಗಳನ್ನು ಮಾಡಬಹುದು, ನಾವು ಅದನ್ನು ಕಸಕ್ಕೆಸೆಯದಿದ್ದರೆ.

ಇಷ್ಟು ತಿಳಿದ ಮೇಲೆ ಆಯ್ಕೆಯ ಮಾತು. ನಾಲ್ಕಾರು ಅಂಗಡಿಗಳನ್ನು ಸುತ್ತಿ, ಕೆಲಸಗಾರರನ್ನು ಕೇಳಿ ನಾನು ಸಂಗ್ರಹಿಸಿದ್ದನ್ನು ಹೇಳುತ್ತೇನೆ. ಬಾಗಿಲಿಗೆ ಒಪ್ಪುವುದು ಮೆಗ್ನೀಸಿಯಂ, ಸಿಲಿಕಾನ್ ಬೆರೆತ ೬೦೬೩ ಎಂಬ ಮಿಶ್ರಲೋಹ. ಹೊರಗಿನ ಹೊಳಪನ್ನು ನೋಡಿ ಮರುಳಾಗದೆ ಪಟ್ಟಿಯ ಕತ್ತರಿಸಿದ ತುದಿಯನ್ನು ನೋಡಬೇಕು. ಒಳಗೆ ಟೊಳ್ಳಾದ್ದರಿಂದ ಗೋಡೆಯ ದಪ್ಪ ಎಷ್ಟೆಂಬುದೇ ಮುಖ್ಯ. ತೆಳುವಾದ ಪಟ್ಟಿ ಕಿಟಕಿಗೆ ಸಾಕು, ತಲೆಬಾಗಿಲಿಗೆ ಸಾಲದು. ಆನೊಡೈಜಿಂಗಿನ ಪೊರೆ ಎಷ್ಟು ಮೈಕ್ರಾನ್ ಎಂದು ಕೇಳಬೇಕು. ಒಳನಾಡಿಗೆ ೧೫ ಆದರೆ ಕಡಲ ಉಪ್ಪುಗಾಳಿಗೆ ೨೫ ಬೇಕು. ಹಸಿ ಸಿಮೆಂಟಿನ ಕ್ಷಾರ ಈ ಲೋಹವನ್ನು ಕಚ್ಚುತ್ತದೆ; ಗಾರೆ ಕೆಲಸ ಮುಗಿದ ಮೇಲೆ ಬಾಗಿಲು ಕೂರಿಸುವುದೇ ಜಾಣತನ. ಸಾಮಾನ್ಯ ಕಬ್ಬಿಣದ ತಿರುಪು ಹಾಕಿದರೆ ತೇವದಲ್ಲಿ ಎರಡು ಲೋಹಗಳಿಗೂ ಜಗಳ ಹತ್ತಿ ಸಂದಿಯಲ್ಲಿ ಸವೆತ ಮೊದಲಾಗುತ್ತದೆ. ತುಕ್ಕು ಹಿಡಿಯದ ಉಕ್ಕಿನ ತಿರುಪನ್ನೇ ಹಾಕಿಸಬೇಕು.

ದೋಷಗಳನ್ನೂ ಮರೆಯಬಾರದು. ಅಲ್ಯುಮಿನಿಯಂ ತೇಗಕ್ಕಿಂತ ಸಾವಿರ ಪಟ್ಟಿಗೂ ಹೆಚ್ಚು ಸುಲಭವಾಗಿ ಶಾಖವನ್ನು ಸಾಗಿಸುತ್ತದೆ. ಪಶ್ಚಿಮದ ಬಿಸಿಲಿಗೆ ನಿಂತ ಕಡುಬಣ್ಣದ ಕದವನ್ನು ಸಂಜೆ ನಾಲ್ಕಕ್ಕೆ ಮುಟ್ಟಿದವರಿಗೆ ಇದು ಗೊತ್ತು. ಒಳಪಟ್ಟಿಗೂ ಹೊರಪಟ್ಟಿಗೂ ನಡುವೆ ಶಾಖ ಸಾಗಿಸದ ಪ್ಲಾಸ್ಟಿಕ್ಕಿನ ಪಟ್ಟಿಯನ್ನು ಹೊಂದಿಸಿದ ಬಾಗಿಲುಗಳುಂಟು, ಬೆಲೆ ಹೆಚ್ಚು. ತಿಳಿಬಣ್ಣವೂ ಮುಂದೊಂದು ಚಾವಣಿಯೂ ಇದ್ದರೆ ಅರ್ಧ ತೊಂದರೆ ಕಡಿಮೆ. ಅಗ್ಗದ ಬಾಗಿಲು ಮುಚ್ಚುವಾಗ ಡಬ್ಬದ ಹಾಗೆ ಸದ್ದು ಮಾಡುತ್ತದೆ. ಬೀಗದ ಭದ್ರತೆ ಲೋಹದ ಹೆಸರಿನಿಂದ ಬರುವುದಿಲ್ಲ. ಚಿಲಕ ಎಷ್ಟು ಕಡೆ ಚೌಕಟ್ಟನ್ನು ಹಿಡಿಯುತ್ತದೆ, ಚೌಕಟ್ಟು ಗೋಡೆಯನ್ನು ಹೇಗೆ ಹಿಡಿದಿದೆ ಎಂಬುದರಿಂದ ಬರುತ್ತದೆ. ನೆರಳಿನಲ್ಲಿ, ಮಳೆ ತಾಗದ ಜಗುಲಿಯ ಒಳಗೆ ಇರುವ ಬಾಗಿಲಿಗೆ ಇವು ಯಾವುದರ ಅಗತ್ಯವೂ ಇಲ್ಲ. ಅಲ್ಲಿ ಹಲಸಿನ ಮರವೇ ನಿಶ್ಚಿಂತೆಯಾಗಿ ಎರಡು ತಲೆಮಾರು ಬಾಳುತ್ತದೆ.

ನಮ್ಮ ಮನೆಯ ಪಕ್ಷಗಳಿಗೆ ನಾನು ಈ ಪುರಾಣವನ್ನೆಲ್ಲ ಹೇಳಿದೆ. ಚಕ್ರವರ್ತಿಯ ಗಿಲಿಕೆಯ ಕಥೆ ತಾಯಿಯವರಿಗೆ ಹಿಡಿಸಿತು. ಆದರೂ ಅವರು ಒಂದು ಷರತ್ತು ಹಾಕಿದರು: ‘ಕದ ಏನಾದರೂ ಆಗಲಿ, ಹೊಸ್ತಿಲು ಮರದ್ದೇ ಆಗಬೇಕು. ಅದಕ್ಕೆ ಅರಿಶಿನ ಹಿಡಿಯಬೇಕಲ್ಲ.’ ಆನೊಡೈಜ್ ಮಾಡಿದ ಲೋಹಕ್ಕೂ ಮೊದಲು ಸಣ್ಣ ರಂಧ್ರಗಳಿದ್ದು ಬಣ್ಣ ಹೀರುತ್ತದೆ, ಆಮೇಲೆ ಆ ರಂಧ್ರಗಳನ್ನು ಮುಚ್ಚುತ್ತಾರೆ ಎಂದೆ. ‘ಮುಚ್ಚುತ್ತಾರೆ ತಾನೆ?’ ಎಂದು ಅವರು ಕೇಳಿದ ಮೇಲೆ ನನ್ನ ವಾದ ಅಲ್ಲಿಗೇ ನಿಂತಿತು. ಹೊನ್ನೆಯ ಹೊಸ್ತಿಲು, ಅದರ ಮೇಲೆ ತಿಳಿಬಣ್ಣದ ಅಲ್ಯುಮಿನಿಯಂ ಚೌಕಟ್ಟು ಮತ್ತು ಕದ ಎಂದು ತೀರ್ಮಾನವಾಯಿತು. ಮರ ನೆಲದ ತೇವಕ್ಕೆ ಹತ್ತಿರವಿರುವುದರಿಂದ ಅದಕ್ಕೆ ಗೆದ್ದಲಿನ ಔಷಧಿಯ ಉಪಚಾರವನ್ನೂ ಮಾಡಿಸಿದೆವು. ಮಳೆಗಾಲ ಕಳೆಯಿತು. ಬಾಗಿಲು ಬಿಗಿಯಲಿಲ್ಲ. ಅರಿಶಿನ ಹಿಡಿಯಿತು.

ಮೇಲೆ ಹೇಳಿದ್ದು ಒಂದು ಮನೆಯ ತೀರ್ಪು, ಎಲ್ಲರಿಗೂ ವಿಧಿಯಲ್ಲ. ನನ್ನ ಕಳಕಳಿ ಬೇರೆ ಇದೆ. ಹಳ್ಳಿಗಳ ಹಳೆಯ ಮನೆಗಳನ್ನು ಕೆಡವುವಾಗ ಕೆತ್ತನೆಯ ಬಾಗಿಲುಗಳನ್ನು ಪುರಾತನ ವಸ್ತುಗಳ ವ್ಯಾಪಾರಿಗಳು ಕೊಂಡುಹೋಗುತ್ತಾರೆ. ಅವು ನಗರದ ದೊಡ್ಡ ಹೋಟೆಲುಗಳಲ್ಲಿ ಗಾಜು ಹೊದ್ದು ಮೇಜಾಗಿ ಮಲಗಿರುವುದನ್ನು ನೀವೂ ನೋಡಿರಬಹುದು. ಮರದ ಬಾಗಿಲು ದುಬಾರಿಯಾದೊಡನೆ ಅದಕ್ಕೆ ಅತಿಯಾದ ಮರ್ಯಾದೆ ಬಂದಿದೆ, ಎಷ್ಟೆಂದರೆ ಅದು ಬಾಗಿಲಾಗಿ ನಿಲ್ಲುವುದೇ ತಪ್ಪಿಹೋಗಿದೆ. ಅಲ್ಯುಮಿನಿಯಂ ಅಗ್ಗವಾದೊಡನೆ ಅದರ ಮರ್ಯಾದೆ ಹೋಯಿತು. ಎರಡೂ ಕಡೆ ನಾವು ನೋಡುತ್ತಿರುವುದು ಬೆಲೆಚೀಟಿಯನ್ನು, ಬಾಗಿಲನ್ನಲ್ಲ.

ತಲೆಬಾಗಿಲನ್ನು ಕೊಳ್ಳುವವರು ಕೇಳಬೇಕಾದ ಪ್ರಶ್ನೆಗಳು ಹಳೆಯವೇ. ಬಿಸಿಲು ಮಳೆ ಯಾವ ಕಡೆಯಿಂದ ಬರುತ್ತವೆ? ಈ ವಸ್ತು ಯಾವ ಗುಡ್ಡದಿಂದ, ಯಾವ ಕಾಡಿನಿಂದ ಬಂದದ್ದು? ಇದರ ಆಯುಸ್ಸು ಮುಗಿದ ಮೇಲೆ ಇದು ಏನಾಗುತ್ತದೆ? ಮನೆಯಲ್ಲಿ ಹಿರಿಯರಿದ್ದರೆ ಅವರ ಕೈ ಅದನ್ನು ಸುಲಭವಾಗಿ ತೆರೆಯಬಲ್ಲದೇ? ಇವಕ್ಕೆ ಉತ್ತರ ಹೇಳಿಕೊಂಡವರು ಮರವನ್ನೇ ತರಲಿ, ಲೋಹವನ್ನೇ ತರಲಿ, ತಂದದ್ದು ತಲೆಬಾಗಿಲೇ ಆಗುತ್ತದೆ.